ಅಕ್ಕನಿಗೊಂದು ಗುಂಡಿ ಫೋನು

ನನ್ನ ಹಿಟ್ಟಿನ ಗಿರಣಿಯೊಳಗೆ ಬಂದವರೆಲ್ಲ ಕಿವುಡರೇ. ಕಲ್ಲು ತಿರುಗಲು ಶುರುವಾದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಗಿರಣಿಯಲ್ಲಿ ಹಿಂದಿನಿಂದಲೂ ಕೈಸನ್ನೆಯೇ ಭಾಷೆ. ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಜ್ಜಿದರೆ ನುಣ್ಣಗೆ ಬೀಸು ಎಂದು. ಐದೂ ಬೆರಳು ಕೂಡಿಸಿ ಉದುರಿಸಿದಂತೆ ಮಾಡಿದರೆ ತರಿ ಇರಲಿ ಎಂದು. ಅಂಗೈ ಅಡ್ಡ ಆಡಿಸಿದರೆ ಮೆಣಸಿನಕಾಯಿ ಬೀಸಿದ ಮೇಲೆ ನನ್ನ ರಾಗಿ ಹಾಕಬೇಡ ಎಂದು. ನಾನು ಇಪ್ಪತ್ತೇಳನೇ ವಯಸ್ಸಿನಲ್ಲಿ ಎರಡೂ ಕಿವಿ ಕಳೆದುಕೊಂಡವನು. ಎದೆಯ ಕ್ಷಯಕ್ಕೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡೆ. ಎದೆ ಉಳಿಯಿತು, ಕಿವಿ ಹೋಯಿತು. ಆಮೇಲೆ ಯಾವ ಕೆಲಸಕ್ಕೂ ಬೇಡವಾದ ನನ್ನನ್ನು ಹಾಗೇ ಒಪ್ಪಿಕೊಂಡದ್ದು ಗಿರಣಿಯೊಂದೇ. ಸ್ವಿಚ್ ಹಾಕಿದರೆ ನಾನೂ ಬಂದವರೂ ಸಮ. ಸ್ವಿಚ್ ಆರಿಸಿದ ಕೂಡಲೇ ಅವರಿಗೆ ಕಿವಿ ವಾಪಸ್ಸು ಬರುತ್ತದೆ. ತಮ್ಮ ತಮ್ಮಲ್ಲಿ ಮಾತಾಡಿಕೊಂಡು, ನಗುತ್ತ, ಡಬ್ಬ ಹೊತ್ತು ಹೋಗುತ್ತಾರೆ. ಆ ಗಳಿಗೆ ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ನಾವು ಹಳೇಕೋಟೆಯವರು. ನಮ್ಮಪ್ಪನಿಗೆ ಇಬ್ಬರೇ ಮಕ್ಕಳು, ಅಕ್ಕ ಮತ್ತು ನಾನು. ಅಕ್ಕನನ್ನು ಬಾಗೂರಿಗೆ ಕೊಟ್ಟರು. ನಾನು ಹೊಳೆನರಸೀಪುರಕ್ಕೆ ಬಂದು ಗಿರಣಿ ಇಟ್ಟು, ಅದರ ಹಿಂದಿನ ಕೋಣೆಯಲ್ಲೇ ಒಲೆ ಹೂಡಿದೆ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಬೇಕಾದರೆ ಅಕ್ಕನ ಗಂಡನ ವಿಷಯ ಹೇಳಬೇಕು. ಹೇಳುವಾಗ ಏಕವಚನ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಿಟ್ಟಿನಲ್ಲಿ ಹಾಗೇ ಅಂದುಕೊಂಡು ಅದೇ ರೂಢಿಯಾಗಿದೆ.

ಭಾವನ ತಂಗಿಯನ್ನು ನನಗೆ ತಂದುಕೊಳ್ಳುವುದೆಂದು ಎರಡೂ ಮನೆಯವರು ಎಲೆ ಅಡಿಕೆ ಬದಲಾಯಿಸಿದ್ದರು. ನಮ್ಮ ಕಡೆ ಇದು ಹೊಸದಲ್ಲ. ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತರುವುದು, ಎರಡೂ ಮನೆ ಗಟ್ಟಿಯಾಗುತ್ತವೆ ಎಂದು. ಅಷ್ಟರಲ್ಲಿ ನನ್ನ ಕಿವಿ ಹೋಯಿತು. ಭಾವ ಹಳೇಕೋಟೆಗೆ ಬಂದು ನಮ್ಮ ಜಗುಲಿಯ ಮೇಲೆ, ನನ್ನ ಎದುರಿಗೇ ಕೂತು, "ಕಿವುಡನ್ಗೆ ಕೊಟ್ಟು ನನ್ ತಂಗಿ ಬಾಯ್ಗೆ ಮಣ್ಣಾಕ್ಲಾ ಮಾವ?" ಎಂದ. ನನಗೆ ಕೇಳಿಸುವುದಿಲ್ಲ ಎಂಬ ಧೈರ್ಯ ಅವನಿಗೆ. ಆದರೆ ಅಷ್ಟೊತ್ತಿಗೆ ನಾನು ತುಟಿ ನೋಡಿ ಮಾತು ಹಿಡಿಯಲು ಕಲಿಯುತ್ತಿದ್ದೆ. ಒಂದು ಪದವೂ ತಪ್ಪದೆ ನಾನು ಓದಿದ ಮೊದಲ ಪೂರ್ತಿ ಮಾತು ಅದು. ಅವತ್ತಿನಿಂದ ಅವನ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಆಣೆ ಹಾಕಿಕೊಂಡೆ. ಹಾಕಿಕೊಂಡ ಆಣೆಯನ್ನು ಮುರಿಯುವ ಜಾಯಮಾನ ನನ್ನದಲ್ಲ. ಅಕ್ಕನನ್ನು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಪಿತೃಪಕ್ಷಕ್ಕೆ ಅವಳು ಹಳೇಕೋಟೆಗೆ ಬಂದಾಗ ಮಾತ್ರ. ಅವಳೂ ಒಬ್ಬಳೇ ಬರುತ್ತಿದ್ದಳು.

ಆಮೇಲೆ ಊರಿಗೆಲ್ಲ ಮೊಬೈಲು ಬಂತು. ಎಲ್ಲರಿಗೂ ಅದು ಮಾತಾಡುವ ಯಂತ್ರ, ನನಗೆ ಯಾತಕ್ಕೆ? ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆ ಇದೆಯಲ್ಲ, ಅದನ್ನು ಜೇಬಲ್ಲಿಟ್ಟುಕೊಂಡು ತಿರುಗಿದಂತೆ. ಆದರೂ ಕರೆಂಟಿನವರ, ಸ್ಪೇರ್ ಪಾರ್ಟಿನವರ ಮೆಸೇಜಿಗೆ ಬೇಕೆಂದು ಒಂದು ಇಟ್ಟುಕೊಂಡೆ. ಒಂದು ದಿನ ಬೆಳಿಗ್ಗೆ ಅದರಲ್ಲಿ ಕನ್ನಡ ಅಕ್ಷರ ಮೂಡಿತು. "ನಾನ್ ಕಣ್ಲಾ, ಬಾಗೂರಿಂದ. ಊಟ ಆಯ್ತಾ?" ಅಕ್ಕ ಓದಿದ್ದು ಐದನೇ ಕ್ಲಾಸು. ಗುಂಡಿ ಒತ್ತಿ ಒತ್ತಿ ನನಗಾಗಿ ಬರೆಯುವುದು ಕಲಿತಿದ್ದಾಳಲ್ಲ ಎಂದು ಅವತ್ತು ಗಿರಣಿಯ ಮೂಲೆಗೆ ಹೋಗಿ ಅತ್ತುಬಿಟ್ಟೆ.

ಅಲ್ಲಿಂದ ಹದಿಮೂರು ಹದಿನಾಲ್ಕು ವರ್ಷ ಮೆಸೇಜು ನಿಲ್ಲಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು, ಮಧ್ಯಾಹ್ನ ಕರೆಂಟು ಹೋದಾಗ ಒಂದು. "ಬದನೆಕಾಯ್ ಬಜ್ಜಿ, ಮುದ್ದೆ. ನಿಂದೇನ್ಲಾ?" ಎಂದು. "ಹಸ ಕರ ಆಕ್ತು. ಹೆಣ್ಗರ. ಮೂತಿ ಥೇಟ್ ನಿಂದೇ" ಎಂದು. ನಾನು ಯಾವುದೋ ವಿಷಯಕ್ಕೆ ಹಟ ಹಿಡಿದಾಗ, "ಗಿರಣಿ ಕಲ್ಲು ಅಷ್ಟೊಂದ್ ತಿರುಗ್ತದಲ್ಲ, ಎಲ್ಗಾದ್ರೂ ಓಗದಾ? ನೀನೂ ಅಂಗೇ" ಎಂದು ಬರೆದಿದ್ದಳು. ಎದುರಿಗೆ ಸಿಕ್ಕಾಗ ಅಕ್ಕ ಇಷ್ಟು ಚುರುಕಾಗಿ ಮಾತಾಡುವವಳಲ್ಲ. ಬರೆಯುವಾಗ ಬುದ್ಧಿ ಹರಿತವಾಗುತ್ತದೆ ಎಂದುಕೊಂಡೆ. ಪಿತೃಪಕ್ಷಕ್ಕೆ ಬಂದಾಗ, "ಆ ನನ್ನ ಮೂತಿಯ ಹೆಣ್ಗರ ಎಷ್ಟು ದೊಡ್ಡದಾಯ್ತು?" ಎಂದು ಕೇಳಿದರೆ, "ಯಾವ್ ಕರಾನ್ಲಾ?" ಎಂದು ಬಾಯಿ ಬಿಡುತ್ತಿದ್ದಳು. ನಿನ್ನ ತಲೆಗೆ ಮರೆವು ಬಡಿದಿದೆ ಎಂದು ಗೇಲಿ ಮಾಡುತ್ತಿದ್ದೆ.

ನಾನೂ ಬರೆಯುತ್ತಿದ್ದೆ, ಮನಸ್ಸು ಬಂದಂತೆ. ಮನಸ್ಸಿನಲ್ಲಿ ಇದ್ದದ್ದರಲ್ಲಿ ಅರ್ಧ ಭಾವನ ಮೇಲಿನ ಸಿಟ್ಟೇ. "ನಿನ್ನ ಗಂಡ ಅನ್ನೋ ಗೂಬೆ ಏನ್ ಮಾಡ್ತಾ ಇದೆ?" ಎಂದು ಕೇಳಿದರೆ, "ಗೂಬೆ ತ್ವಾಟಕ್ಕೆ ನೀರ್ ಕಟ್ತಾ ಅದೆ" ಎಂದು ಉತ್ತರ ಬರುತ್ತಿತ್ತು. ಒಮ್ಮೆ, "ನಿಮ್ ಭಾವ ಕೆಸರಲ್ಲಿ ಜಾರ್ಬುಟ್ರು, ಮಂಡಿ ಊದ್ಕಂಡದೆ" ಎಂದು ಬಂತು. "ಒಂದೇ ಮಂಡಿಯಾ? ಇನ್ನೊಂದೂ ಊದಲಿ" ಎಂದು ಕಳಿಸಿದೆ. "ಆಗ್ಲಿ, ಯೋಳ್ತೀನಿ" ಎಂದು ಉತ್ತರ. ಗಂಡನನ್ನು ಬಿಟ್ಟುಕೊಟ್ಟು ತಮ್ಮನ ಪಕ್ಷ ಹಿಡಿಯುತ್ತಾಳಲ್ಲ ಎಂದು ನನಗೆ ಒಳಗೊಳಗೇ ಜಂಬ. ನಿಜ ಹೇಳುತ್ತೇನೆ, ಈ ಲೋಕದಲ್ಲಿ ನನ್ನ ಜೊತೆ ಮಾತಾಡುತ್ತಿದ್ದದ್ದು ಆ ಒಂದೇ ಜೀವ. ದಿನಕ್ಕೆ ಎರಡು ಸಲ ತೊಡೆಯ ಮೇಲೆ ಆ ಫೋನು ಗುಂಯ್ ಎಂದು ನಡುಗಿದರೆ ಉಳಿದ ಹೊತ್ತನ್ನೆಲ್ಲ ತಳ್ಳಿಬಿಡುತ್ತಿದ್ದೆ.

ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಭಾವ ತೀರಿಕೊಂಡ. ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಹೋದನಂತೆ. ಮಣ್ಣಿಗೆ ಹೋದೆ. ಮೆಟ್ಟಿಲು ಹತ್ತುವಾಗ ಆಣೆ ನೆನಪಾಯಿತು. ಮನೆಯ ಯಜಮಾನನೇ ಇಲ್ಲದ ಮೇಲೆ ಇನ್ನೆಲ್ಲಿಯ ಆಣೆ ಎಂದುಕೊಂಡು ಹತ್ತಿದೆ. ಅವನ ಮುಖ ನೋಡಿದೆ. ಸುಳ್ಳು ಯಾಕೆ ಹೇಳಲಿ, ಏನೂ ಅನ್ನಿಸಲಿಲ್ಲ. ಹನ್ನೊಂದನೇ ದಿನ ಮತ್ತೆ ಹೋಗಿ, ಪಾಯಸ ಎರಡನೇ ಸಲ ಹಾಕಿಸಿಕೊಂಡು ಉಂಡು, ಸಂಜೆ ಬಸ್ಸಿಗೆ ವಾಪಸ್ಸು ಬಂದೆ.

ಅದೇ ತಿಂಗಳಲ್ಲಿ ಅಕ್ಕನ ಮಗ ಅವಳಿಗೆ ಹೊಸ ಟಚ್ ಫೋನು ಕೊಡಿಸಿದ. ಹೊಸ ನಂಬರು. ಅಲ್ಲಿಗೆ ಬರೆದ ಮೆಸೇಜು ನಿಂತಿತು, ವಾಯ್ಸ್ ಮೆಸೇಜು ಶುರುವಾಯಿತು. ನನ್ನ ಫೋನಿನಲ್ಲಿ ಒಂದು ಮೂಲೆಯಲ್ಲಿ ತ್ರಿಕೋನ, ಅದರ ಪಕ್ಕ ಉದ್ದ ಗಿಡ್ಡ ಗೆರೆಗಳ ಸಾಲು. ಅಷ್ಟೇ. ಕಿವುಡನಿಗೆ ದನಿ ಕಳಿಸುತ್ತಾಳಲ್ಲ, ಇವಳಿಗೆ ಏನಾಗಿದೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಆ ಗೆರೆಗಳನ್ನೇ ನೋಡುತ್ತ ಕೂರುವುದು ಅಭ್ಯಾಸವಾಯಿತು. ಉದ್ದ ಗೆರೆ ಬಂದ ಕಡೆ ಗದರುತ್ತಿದ್ದಾಳೆ, ಗಿಡ್ಡ ಗೆರೆ ಬಂದ ಕಡೆ ಉಸಿರು ತೆಗೆದುಕೊಳ್ಳುತ್ತಿದ್ದಾಳೆ ಎಂದು ನಾನೇ ಅರ್ಥ ಮಾಡುತ್ತಿದ್ದೆ. ಫೋನನ್ನು ದವಡೆಗೆ ಒತ್ತಿಕೊಂಡು ನೋಡಿದೆ, ಎದೆಗೆ ಇಟ್ಟುಕೊಂಡು ನೋಡಿದೆ. ಸಣ್ಣಗೆ ನಡುಗುತ್ತಿತ್ತು. ಅವಳ ದನಿ ನನ್ನ ನೆನಪಿನಲ್ಲಿ ಇಪ್ಪತ್ತೇಳನೇ ವಯಸ್ಸಿಗೇ ನಿಂತಿದೆ. ಅದನ್ನೇ ಆ ನಡುಕಕ್ಕೆ ಜೋಡಿಸಿಕೊಳ್ಳಲು ಹೋಗಿ ಸೋತೆ.

ಬೀಸಿಸಲು ಬಂದವರ ಕೈಗೆ ಫೋನು ಕೊಟ್ಟು, ಏನು ಹೇಳುತ್ತಾಳೆ ಕೇಳಿ ಎಂದೆ. ನಾಲ್ಕು ನಿಮಿಷದ ಮಾತನ್ನು ಅವರು ಕಿವಿಗಿಟ್ಟುಕೊಂಡು ಕೇಳುತ್ತಿದ್ದರು. ಮುಖ ಒಂದೊಂದು ಸಲ ಸಣ್ಣದಾಗುತ್ತಿತ್ತು. ಕೊನೆಗೆ ಫೋನು ವಾಪಸ್ಸು ಕೊಟ್ಟು, ಸೀಮೆಸುಣ್ಣದಲ್ಲಿ ಡಬ್ಬದ ಮುಚ್ಚಳದ ಮೇಲೆ ಬರೆಯುತ್ತಿದ್ದರು: "ಚೆನ್ನಾಗಿದ್ದೀಯಾ ಅಂತ ಕೇಳ್ತಾರೆ." ಇನ್ನೊಬ್ಬರ ಕೈಗೆ ಕೊಟ್ಟರೆ ಅವರದೂ ಅದೇ. ನಾಲ್ಕು ನಿಮಿಷದಲ್ಲಿ ಅಕ್ಕ ನೂರು ಸಲ ಚೆನ್ನಾಗಿದ್ದೀಯಾ ಎಂದು ಕೇಳಿರಲಾರಳು, ಅಷ್ಟು ನನಗೂ ಗೊತ್ತು. ಆದರೆ ಪರರ ಮನೆಯ ಮಾತನ್ನು ಬಾಯಿಬಿಟ್ಟು ಹೇಳಲು ನಮ್ಮ ಜನಕ್ಕೆ ಸಂಕೋಚ. ಮಾತನ್ನು ಅಕ್ಷರ ಮಾಡುವ ಆ್ಯಪೂ ಹಾಕಿಸಿದೆ. ಅದಕ್ಕೆ ಟೀವಿಯ ಕನ್ನಡ ಬರುತ್ತಿತ್ತು, ಬಾಗೂರಿನ ಕನ್ನಡ ಬರುತ್ತಿರಲಿಲ್ಲ. ಕಲಸುಮೇಲೋಗರ ಮಾಡಿ ಬಡಿಸಿತು. ಬರೆದು ಕಳಿಸು ಎಂದು ನಾನು ಬರೆದರೆ ಉತ್ತರವೂ ತ್ರಿಕೋನದಲ್ಲೇ ಬರುತ್ತಿತ್ತು. ಸಾವಾದ ವರ್ಷವೆಂದು ಆ ಸಲ ಪಿತೃಪಕ್ಷಕ್ಕೂ ಅವಳು ಹಳೇಕೋಟೆಗೆ ಬರಲಿಲ್ಲ.

ಆಗ ನನಗೆ ಒಂದು ಹೊಳೆಯಿತು. ತಪ್ಪು ಅಕ್ಕನದಲ್ಲ, ಗಾಜಿನದು. ಜೀವಮಾನವೆಲ್ಲ ಹುಲ್ಲು ಕೊಯ್ದು, ತೆಂಗಿನ ಗರಿ ಸೀಳಿದ ಬೆರಳು ಅವಳದು. ನನ್ನ ಬೆರಳಿಗೆ ಹಿಟ್ಟು ಮೆತ್ತಿದಾಗ ಟಚ್ ಫೋನು ಎಷ್ಟು ಒತ್ತಿದರೂ ಅಲುಗುವುದಿಲ್ಲ. ಅವಳ ಒರಟು ಬೆರಳಿಗೂ ಹಾಗೇ ಆಗುತ್ತಿರಬೇಕು. ಹಳೇ ಫೋನಿನಲ್ಲಿ ಗುಂಡಿ ಇತ್ತು, ಒತ್ತಿದರೆ ಒತ್ತಿತು ಎಂದು ಬೆರಳಿಗೆ ತಿಳಿಯುತ್ತಿತ್ತು, ಬರೆಯುತ್ತಿದ್ದಳು. ಮಗ ಕಳಿಸುವ ಫೋಟೋ ನೋಡಲು ಅವಳಿಗೆ ಸ್ಮಾರ್ಟ್ ಫೋನೂ ಬೇಕು, ನನಗೆ ಬರೆಯಲು ಗುಂಡಿಯೂ ಬೇಕು. ಎರಡೂ ಒಂದರಲ್ಲೇ ಇರುವುದನ್ನು ಹುಡುಕಿ ಕೊಟ್ಟರೆ ನನ್ನ ಅಕ್ಕ ನನಗೆ ವಾಪಸ್ಸು ಸಿಗುತ್ತಾಳೆ. ಇದನ್ನು ಕಂಡುಹಿಡಿದ ದಿನ ಎಷ್ಟು ಖುಷಿಯಾಯಿತೆಂದರೆ ಒಬ್ಬರ ರಾಗಿಯನ್ನು ಇನ್ನೊಬ್ಬರ ಡಬ್ಬಕ್ಕೆ ಸುರಿದುಬಿಟ್ಟೆ.

ಗಿರಣಿಗೆ ರಜ ಹಾಕಿ ಹಾಸನಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಸುತ್ತ ಇರುವ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ: ಗುಂಡಿ ಇರಬೇಕು, ಇಂಟರ್ನೆಟ್ಟೂ ಇರಬೇಕು, ಕನ್ನಡವೂ ಬರಬೇಕು. ಒಬ್ಬ ಅಂಗಡಿಯವನು ಮುದುಕರಿಗೆಂದೇ ಮಾಡಿದ ಫೋನು ತೋರಿಸಿದ, ದೊಡ್ಡ ದೊಡ್ಡ ಅಂಕಿಯದು, ಟಾರ್ಚು ಇರುವುದು. ಇನ್ನೊಬ್ಬ ಚೀಟಿ ಓದಿ ಪಕ್ಕದವನಿಗೆ ತೋರಿಸಿದ. ಇಬ್ಬರ ಭುಜವೂ ಕುಲುಕಿತು. ಮೂರನೆಯವನು ಸಭ್ಯಸ್ಥ. ಬಿಲ್ಲಿನ ಹಿಂದೆ ಬರೆದ: "ಮದ್ವೇನೂ ಆಗ್ಬೇಕು, ಬ್ರಹ್ಮಚಾರೀನೂ ಆಗಿರ್ಬೇಕು ಅಂದ್ರೆ ಎಂಗೆ ಸಾ? ಅಂಥವು ನಿಂತೋಗಿ ಕಾಲ ಆಯ್ತು." ಅವನಿಗೇನು ಗೊತ್ತು ನಾನು ಬ್ರಹ್ಮಚಾರಿ ಎಂದು. ಆದರೂ ಆ ಬಿಲ್ಲನ್ನು ಅಲ್ಲೇ ಹರಿದು ಅವನ ಮೇಜಿನ ಮೇಲೆ ಇಟ್ಟು ಬಂದೆ.

ನಿಂತುಹೋಗಿಲ್ಲ ಎಂಬುದು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ತಿಳಿಯಿತು. ಅದರಲ್ಲೂ ಮೂರು ಬಗೆ. ಪರದೆಯ ಕೆಳಗೇ ಗುಂಡಿಗಳ ಸಾಲು ಇರುವುದು ಒಂದು. ಪರದೆಯನ್ನು ಮೇಲಕ್ಕೆ ಜಾರಿಸಿದರೆ ಅಡಿಯಿಂದ ಗುಂಡಿ ಹೊರಬರುವುದು ಇನ್ನೊಂದು. ಅಡ್ಡಕ್ಕೆ ತೆರೆದು ಎರಡೂ ಹೆಬ್ಬೆರಳಲ್ಲಿ ಒತ್ತುವುದು ಮೂರನೆಯದು. ಹೊಸದಾಗಿ ಮಾಡುವವರು ಎಲ್ಲೋ ಹೊರದೇಶದಲ್ಲಿದ್ದಾರೆ, ಬೇಕೆಂದು ದುಡ್ಡು ಕಟ್ಟಿದವರು ತಿಂಗಳುಗಟ್ಟಲೆ ಕಾಯುತ್ತಿದ್ದಾರೆ. ಹಳೆಯವು ಸಿಗುತ್ತವೆ, ಆದರೆ ಅವುಗಳಲ್ಲಿ ಎಷ್ಟೋ ಈಗಿನ ನೆಟ್‌ವರ್ಕು ಹಿಡಿಯುವುದಿಲ್ಲ. ಒಂದರ ಬಗ್ಗೆ ಜನ, ಕರೆಯಲ್ಲಿ ದನಿ ಸರಿಯಾಗಿ ಕೇಳಿಸುವುದಿಲ್ಲ ಎಂದು ದೂರಿದ್ದರು. ಆ ದೂರು ನನ್ನನ್ನು ತಟ್ಟಲಿಲ್ಲ. ಸಾಯಂಕಾಲ ಗಿರಣಿ ಗುಡಿಸಿದ ಮೇಲೆ ಕೂತು ಇವನ್ನೇ ಓದುತ್ತಿದ್ದೆ. ಯಾವ ದೇಶದವರೋ ಏನೋ, ಗುಂಡಿ ಬೇಕು ಎಂದು ಹಟ ಹಿಡಿದು ಕೂತ ಜನ ಲೋಕದಲ್ಲಿ ಇನ್ನೂ ಇದ್ದಾರೆ ಎಂದು ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು. ಅವರಲ್ಲಿ ಯಾರಿಗೂ ನನ್ನಂಥ ಕಾರಣ ಇರಲಿಲ್ಲ.

ಅರಕಲಗೂಡಿನಲ್ಲಿ ಹಳೇ ಫೋನು ರಿಪೇರಿ ಮಾಡುವವನೊಬ್ಬ ಇದ್ದಾನೆ, ರಾಮನಾಥಪುರದ ಹೊಗೆಸೊಪ್ಪಿನ ಹರಾಜಿಗೆ ಬರುವ ವ್ಯಾಪಾರಸ್ಥರು ತಮ್ಮ ಹಳೇ ಫೋನುಗಳನ್ನು ಅವನಿಗೇ ಕೊಡುತ್ತಾರೆ ಎಂದು ಹೊಗೆಸೊಪ್ಪು ಬೆಳೆಯುವ ಗಿರಾಕಿಯೊಬ್ಬರು ಮುಚ್ಚಳದ ಮೇಲೆ ಬರೆದು ತಿಳಿಸಿದರು. ಮಾರನೇ ದಿನವೇ ಹೋದೆ. ಅವನು ಮಾತಿಗಿಂತ ಕೈಗೇ ಹೆಚ್ಚು ಕೆಲಸ ಕೊಡುವ ಮನುಷ್ಯ. ಡ್ರಾಯರಿನಿಂದ ಎರಡು ತೆಗೆದಿಟ್ಟ. ಅಡ್ಡ ತೆರೆಯುವುದು ಒಂದು, ಪರದೆಯ ಕೆಳಗೆ ಗುಂಡಿ ಇರುವುದು ಒಂದು. ಮೊದಲನೆಯದು ನೋಡಲು ಚೆಂದ. ಆದರೆ ಅಕ್ಕ ಎರಡು ಹೆಬ್ಬೆರಳಲ್ಲಿ ಒತ್ತುವವಳಲ್ಲ. ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳಲ್ಲಿ, ತಿಲಕ ಇಡುವ ಹಾಗೆ ಒಂದೊಂದೇ ಒತ್ತುವವಳು ಎಂದು ನನಗೆ ನಾನೇ ಅಂದುಕೊಂಡೆ. ಅವಳು ಒತ್ತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆದರೂ ಅಷ್ಟು ಖಚಿತವಾಗಿ ಕಾಣುತ್ತಿತ್ತು.

ಜೇಬಿನಲ್ಲಿ ಕಾಗದಕ್ಕೆ ಕಟ್ಟಿ ಒಯ್ದಿದ್ದ ರಾಗಿ ಹಿಟ್ಟನ್ನು ಬೆರಳಿಗೆ ಹಚ್ಚಿಕೊಂಡು ಒತ್ತಿ ನೋಡಿದೆ. ಅಕ್ಷರ ಮೂಡಿತು. ಕಣ್ಣು ಮುಚ್ಚಿಕೊಂಡು ಒತ್ತಿದೆ. ಮೂಡಿತು. ರಿಪೇರಿಯವನು ನನ್ನನ್ನೇ ನೋಡಿದ. ಆಮೇಲೆ ತನ್ನ ಫೋನಿನಲ್ಲಿ ಬರೆದು ತೋರಿಸಿದ: "ಯಾರಿಗ್ ಸಾ?" "ಅಕ್ಕನಿಗೆ. ನನಗೆ ಬರೆಯೋಕೆ" ಎಂದೆ. ಅವನು ಅದಕ್ಕೆ ಕನ್ನಡ ಹಾಕಿಕೊಟ್ಟು, ಹೊಸ ಬ್ಯಾಟರಿ ಕೂರಿಸಿ, ನಾನು ಕೇಳದೆಯೇ ಗುಂಡಿಗಳ ಸಂದಿಯ ಕೊಳೆಯನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆದ. ಗುಂಡಿಯ ಮೇಲೆ ಇದ್ದದ್ದು ಇಂಗ್ಲಿಷ್ ಅಕ್ಷರ. ಅದನ್ನು ನಾನು ಮನೆಗೆ ತಂದು, ಅಕ್ಕಿ ಕಾಳಿನಷ್ಟು ಬಿಳಿ ಕಾಗದದ ಚೂರುಗಳ ಮೇಲೆ ಕನ್ನಡ ಅಕ್ಷರ ಬರೆದು, ಒಂದೊಂದರ ಮೇಲೂ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಚ್ಚಿದೆ. ಮೂರು ದಿನ ಹಿಡಿಯಿತು. "ಳ" ಎರಡು ಸಲ ಕಿತ್ತುಬಂತು.

ಭಾನುವಾರ ಬಾಗೂರಿಗೆ ಹೋದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸುವಾಗ ಬಾಳೆಹಣ್ಣು, ಬಿಸ್ಕತ್ತು ತೆಗೆದುಕೊಂಡೆ. ಅಕ್ಕ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತುಂಬ ಇಳಿದುಹೋಗಿದ್ದಳು. ನನ್ನನ್ನು ಕಂಡು ಎದ್ದವಳು ಕೈ ಹಿಡಿದುಕೊಂಡು ಬಿಡಲಿಲ್ಲ. ಅವಳ ತುಟಿ ನನಗೆ ಬಾಯಿಪಾಠ. ಅವಳು ಆಡಿದ್ದೆಲ್ಲ ನನಗೆ ಆ ಹಳೇ ದನಿಯಲ್ಲೇ ಕೇಳಿಸುತ್ತದೆ. ನಾನು ಫೋನು ತೆಗೆದು ಅವಳ ಮಡಿಲಿಗೆ ಇಟ್ಟೆ. "ತಗೋ. ಇನ್ನು ಆ ಗಾಜು ಉಜ್ಜೋ ಕಷ್ಟ ಇಲ್ಲ. ಮೊದಲಿನ ಹಾಗೆ ಗುಂಡಿ ಒತ್ತಿ ಬರಿ" ಎಂದೆ.

ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು. ಗುಂಡಿಗಳ ಮೇಲೆ ಕೈಯಾಡಿಸಿದಳು. ಆಮೇಲೆ ಅವಳ ತುಟಿ ಅಲುಗಿತು. ನಾನು ಓದಿದ್ದನ್ನು ನಂಬಲಿಲ್ಲ. ಇನ್ನೊಂದು ಸಲ ಹೇಳು ಎಂದೆ. ಹೇಳಿದಳು. ಮತ್ತೊಂದು ಸಲ, ನಿಧಾನವಾಗಿ ಹೇಳು ಎಂದೆ.

"ನಾನ್ ಯಾವತ್ತ್ ಬರ್ದಿದ್ನಲಾ? ಬರೀತಿದ್ದೋರು ಅವ್ರು."

ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಮುಖವನ್ನು ನನ್ನ ಕಡೆಗೇ ಇಟ್ಟುಕೊಂಡು ಹೇಳುತ್ತ ಹೋದಳು.

"ನಿಂಜೊತೆ ಫೋನಲ್ ಮಾತಾಡಕಾಗಲ್ವಲ್ಲ ಅಂತ ಒಂದಿನ ಅಳ್ತಾ ಕೂತಿದ್ದೆ. ನೀ ಯೋಳು, ನಾ ಬರ್ದು ಕಳುಸ್ತೀನಿ ಅಂದ್ರು. ಮೊದ್ಲು ಮೊದ್ಲು ನನ್ ಕೇಳಿ ಬರೀತಿದ್ರು. ಆಮೇಲಾಮೇಲೆ ಕೇಳದೂ ಬುಟ್ರು. ತ್ವಾಟದಾಗೆ ಕಲ್ ಮ್ಯಾಲೆ ಕೂತ್ಕಂಡು ಒಬ್ರೇ ಬರಕಳೋರು. ಒಬ್ರೇ ನಗೋರು. ನಾನು ಅಂತ ಗೊತ್ತಾದ್ರೆ ಅವ್ನು ಉತ್ರ ಕೊಡದು ನಿಲ್ಲುಸ್ತಾನೆ, ಯೋಳ್ಬ್ಯಾಡ ಅಂತ ಆಣೆ ಇಕ್ಸಿದ್ರು. ಅವ್ರು ತೀರ್ಕಂಡ್ಮೇಲೆ ಇನ್ಯಾಕೆ ಅಂತ ಎಲ್ಲಾ ಯೋಳ್ದೆ ನಿಂಗೆ. ಎಷ್ಟ್ ಸಲ ಯೋಳಿವ್ನಿ ಆ ಹೊಸ ಫೋನ್ನಾಗೆ! ಕೇಳುಸ್ಕಂಡಿಲ್ವಾ? ಗಿರಣಿಗ್ ಬರೋರ್ ಕೈಲಿ ಕೇಳುಸ್ಕಂತೀಯ ಅಂದ್ಕಂಡಿದ್ದೆ."

ಎಂಟು ತಿಂಗಳಿಂದ ಅವಳು ಇದನ್ನೇ ಹೇಳುತ್ತಿದ್ದಳು. ನಾನು ಗೆರೆ ನೋಡುತ್ತ ಕೂತಿದ್ದೆ. ಕೇಳಿಸಿಕೊಂಡವರು ಮುಖ ಸಣ್ಣದು ಮಾಡಿಕೊಂಡು, ಇದನ್ನು ಇವನಿಗೆ ಹೇಗೆ ಹೇಳುವುದು ಎಂದು ತಿಳಿಯದೆ, ಚೆನ್ನಾಗಿದ್ದೀಯಾ ಅಂತ ಕೇಳ್ತಾರೆ ಎಂದು ಬರೆದುಕೊಟ್ಟು ಹಿಟ್ಟು ಹೊತ್ತು ಹೋಗಿದ್ದರು.

ಗೂಬೆ ತೋಟಕ್ಕೆ ನೀರು ಕಟ್ಟುತ್ತಿದೆ ಎಂದು ಬರೆದದ್ದು ಗೂಬೆಯೇ. ಮಂಡಿ ಊದಿದ್ದ ಮನುಷ್ಯನೇ, ಇನ್ನೊಂದೂ ಊದಲಿ ಎಂಬುದನ್ನು ಓದಿ, ಆಗಲಿ ಹೇಳುತ್ತೇನೆ ಎಂದದ್ದು. ಹದಿನಾಲ್ಕು ವರ್ಷ ನಾನು ಬೈದ ಬೈಗುಳವೆಲ್ಲ ನೇರ ಅವನ ಕೈಗೇ ಹೋಗಿ ಸೇರಿತ್ತು. ಒಂದಕ್ಕೂ ಅವನು ಎದುರು ಬೈಯಲಿಲ್ಲ, ಒಂದು ದಿನವೂ ಬರೆಯುವುದು ತಪ್ಪಿಸಲಿಲ್ಲ. ತಂಗಿಯ ವಿಷಯಕ್ಕೆ ಪಶ್ಚಾತ್ತಾಪವಿತ್ತೋ, ಹೆಂಡತಿಯ ಮೇಲಿನ ಪ್ರೀತಿಯೋ, ನನ್ನ ಬೈಗುಳದ ರುಚಿಯೇ ಹತ್ತಿತ್ತೋ, ನನಗೆ ಗೊತ್ತಿಲ್ಲ. ಅಕ್ಕನಿಗೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ನಾನು ಈ ಎಂಟು ತಿಂಗಳು ಹಂಬಲಿಸಿದ್ದು, ಹಾಸನ ಅರಕಲಗೂಡು ಸುತ್ತಿ ಹುಡುಕಿದ್ದು ಅವನನ್ನು. ಆ ಜೀವ ಸತ್ತ ದಿನ ನಾನು ಅಲ್ಲೇ ಇದ್ದೆ, ಮುಖ ನೋಡಿದೆ, ಏನೂ ಅನ್ನಿಸಲಿಲ್ಲ.

ಅಕ್ಕ ಕಾಫಿಗೆಂದು ಒಳಗೆ ಹೋದಳು. ನನ್ನ ಫೋನಿನಲ್ಲಿ ಆ ಹಳೇ ನಂಬರಿನ ಮೆಸೇಜು ಒಂದನ್ನೂ ಅಳಿಸಿರಲಿಲ್ಲ. ತೆಗೆದು ಕೊನೆಯದಕ್ಕೆ ಬಂದೆ. ಅವನು ಸಾಯುವ ಹಿಂದಿನ ದಿನದ್ದು. "ಎರಡ್ ದಿನದಿಂದ ಎದೆ ಒಂಥರಾ ಹಿಡ್ಕಂಡದೆ. ಒಂದ್ಸಲ ಬಂದೋಗ್ಲಾ. ನೋಡ್ಬೇಕು ಅನ್ನುಸ್ತದೆ." ಅವತ್ತು ಅದನ್ನು ನಾನು ಅಕ್ಕನ ಎದೆ ಎಂದುಕೊಂಡಿದ್ದೆ, ಆಮೇಲೆ ಸಾವಿನ ಮನೆಯಲ್ಲಿ ಆ ಮಾತೇ ಮರೆತುಹೋಗಿತ್ತು. ಅದರ ಕೆಳಗೆ ನನ್ನ ಉತ್ತರ ಇತ್ತು. "ಆ ಮನುಷ್ಯ ಇರೋ ಮನೆಗೆ ನಾನು ಬರಲ್ಲ ಅಂತ ಗೊತ್ತಿಲ್ವಾ? ಶುಂಠಿ ಕಷಾಯ ಕುಡಿದು ಮಲಕ್ಕೋ." ಅದರ ಕೆಳಗೆ ಅವನದು, "ಆಯ್ತು ಕಣ್ಲಾ."

ಅಕ್ಕ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತಳು. ನನ್ನ ಕೈಯಲ್ಲಿದ್ದ ಫೋನು ನೋಡಿ ಅವಳ ಮುಖ ಅರಳಿತು. "ಕೊನೇಗ್ ಏನ್ ಬರ್ದಿದ್ರುಲಾ? ಓಗೋಕೆ ಮುಂಚೆ ಎಲ್ಡ್ ಮೂರ್ ದಿನ ಮಂಕಾಗಿದ್ರು. ನಂಗೇನೂ ಯೋಳ್ಲಿಲ್ಲ. ಯೋಳೋ, ಏನ್ ಬರ್ದಿದ್ರು?"

ಪರದೆಯನ್ನು ಅಂಗೈಯಿಂದ ಮುಚ್ಚಿಕೊಂಡೆ.

"ಹೀರೇಕಾಯಿ ಸಾರು, ಮುದ್ದೆ ಅಂತ ಬರೆದಿದ್ರು" ಎಂದೆ.

ಅಕ್ಕ ನಕ್ಕಳು. ಕಣ್ಣಲ್ಲಿ ನೀರು ಬಂದು, ಸೆರಗಲ್ಲಿ ಒರೆಸಿಕೊಂಡಳು. "ಊಟದ್ದೇ ಗ್ಯಾನ ಅವ್ರಿಗೆ. ನೀನೇನ್ ಬರ್ದೆ?"

"ನಮ್ಮನೇಲೂ ಅದೇ ಸಾರು ಅಂತ ಬರೆದೆ."

ಅವಳು ತಲೆಯಾಡಿಸಿದಳು. ಅವಳಿಗೆ ಅಷ್ಟು ಸಾಕಾಯಿತು. ಇಂಥದೊಂದನ್ನು ಎದೆಯಲ್ಲಿ ಇಟ್ಟುಕೊಳ್ಳಲಾರದೆ ಹೋದಾಗ ನಾನು ಬರೆದು ಹೇಳಿಕೊಳ್ಳುತ್ತಿದ್ದ ನಂಬರು ಒಂದೇ ಇತ್ತು, ಅದು ನನ್ನ ಅಂಗೈಯ ಕೆಳಗೆ ಇತ್ತು. ಅಕ್ಕ ಗುಂಡಿ ಫೋನನ್ನು ಮಡಿಲಿನಿಂದ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು. "ಅ" ಎಲ್ಲಿದೆ ಎಂದು ಕೇಳಿದಳು. ತೋರಿಸಿಕೊಟ್ಟೆ.